ಅಳುವೂ ಒಂದು ಮಾತು

ಮನುಷ್ಯನು ಈ ಲೋಕಕ್ಕೆ ಬಂದೊಡನೆ ಹೊರಡಿಸುವ ಮೊದಲ ಧ್ವನಿ ಅಳು. ತಾಯಿಯ ಗರ್ಭದಲ್ಲಿರುವಾಗ ಶಿಶುವಿನ ಶ್ವಾಸಕೋಶಗಳಲ್ಲಿ ಗಾಳಿಯಿರುವುದಿಲ್ಲ, ದ್ರವವು ತುಂಬಿರುತ್ತದೆ. ಹೊರಬಂದ ಕೂಸು ಮೊದಲ ಬಾರಿಗೆ ಉಸಿರೆಳೆದು ಚೀರಿದಾಗ ಗಾಳಿಯು ಒಳಹೊಕ್ಕು ಶ್ವಾಸಕೋಶಗಳು ಅರಳುತ್ತವೆ. ಆದುದರಿಂದಲೇ ಹೆರಿಗೆಯ ಕೋಣೆಯ ಹೊರಗೆ ಕಾದು ನಿಂತ ಹಿರಿಯರು ಕೂಸಿನ ಅಳುವನ್ನು ಕೇಳಿ ಸಂತೋಷಪಡುತ್ತಾರೆ. ಆದರೆ ಅದೇ ಕೂಸು ಮನೆಯ ತೊಟ್ಟಿಲಲ್ಲಿ ಮಲಗಿ ಅಳತೊಡಗಿದಾಗ ಎಲ್ಲರಿಗೂ ಒಂದೇ ಯೋಚನೆ: ಈ ಅಳುವನ್ನು ಹೇಗೆ ನಿಲ್ಲಿಸುವುದು? ಈ ಅಳುವಿನ ಅರ್ಥವೇನೆಂದು ಕೇಳುವವರು ಕಡಿಮೆ. ಮಾತು ಬಾರದ ಜೀವಕ್ಕೆ ಅಳುವೇ ಮಾತು. ಅದನ್ನು ಆಲಿಸಿ ತಿಳಿದುಕೊಳ್ಳುವುದು ಹೇಗೆ, ಮಗು ದೊಡ್ಡದಾದಂತೆ ತನ್ನ ಮನಸ್ಸಿನ ಭಾವಗಳನ್ನು ತಾನೇ ಗುರುತಿಸುವಂತೆ ಮಾಡುವುದು ಹೇಗೆ ಎಂಬುದು ಮನೆಯಲ್ಲಿ ಚಿಕ್ಕ ಮಕ್ಕಳಿರುವ ಎಲ್ಲರೂ ಅರಿಯಬೇಕಾದ ವಿಷಯ.

ಇದು ತಾಯಿತಂದೆಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನಲ್ಲಿರುವ ಕಬ್ಬೂರ ಮತ್ತು ಅದರ ಸುತ್ತಲಿನ ಊರುಗಳನ್ನು ನೋಡೋಣ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕಬ್ಬು ಮುಖ್ಯವಾದ ಬೆಳೆ. ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ನಸುಕಿನಲ್ಲಿಯೇ ಹೊಲಗಳಲ್ಲಿ ಕಟಾವು ಆರಂಭವಾಗುತ್ತದೆ. ನಿಪ್ಪಾಣಿಯು ಬಹುಕಾಲದಿಂದ ತಂಬಾಕಿನ ವ್ಯಾಪಾರಕ್ಕೂ ಬೀಡಿಯ ಉದ್ಯೋಗಕ್ಕೂ ಹೆಸರಾದ ಊರು. ಆ ಕೆಲಸದಲ್ಲಿ ತೊಡಗಿದವರಲ್ಲಿ ಹೆಂಗಸರೇ ಹೆಚ್ಚು. ತಾಯಿ ಹೊಲಕ್ಕೋ ಬೀಡಿ ಕಟ್ಟಲಿಕ್ಕೋ ಹೋದಾಗ ಚಿಕ್ಕ ಕೂಸನ್ನು ಕಂಕುಳಲ್ಲಿ ಎತ್ತಿಕೊಳ್ಳುವವರು ಯಾರು? ಮನೆಯಲ್ಲಿ ಅಜ್ಜಿ ಇದ್ದರೆ ಅಜ್ಜಿ. ಇಲ್ಲವಾದರೆ ಅಕ್ಕ ಅಥವಾ ಅಣ್ಣ. ಶಾಲೆಯ ಚೀಲವನ್ನು ಇಳಿಸಿದ ಕೈಗಳೇ ತಮ್ಮತಂಗಿಯರನ್ನು ಎತ್ತಿಕೊಳ್ಳುತ್ತವೆ. ಹೀಗಿರುವಲ್ಲಿ ಅಳುವ ಮಗುವನ್ನು ಸಂತೈಸುವ ವಿದ್ಯೆಯು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಬೇಕಾದ ವಿದ್ಯೆಯೇ ಆಗಿದೆ.

ಶಿಶುವಿನ ಅಳುವನ್ನು ಮೊದಲು ವಿಜ್ಞಾನದ ದೃಷ್ಟಿಯಿಂದ ಸೂಕ್ಷ್ಮವಾಗಿ ಗಮನಿಸಿದವರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಒಬ್ಬನು. ಜೀವವಿಕಾಸದ ಸಿದ್ಧಾಂತದಿಂದ ಲೋಕಪ್ರಸಿದ್ಧನಾದ ಈ ವಿಜ್ಞಾನಿಯು ತನ್ನ ಮಕ್ಕಳು ಅಳುವುದನ್ನೂ ನಗುವುದನ್ನೂ ದಿನದಿನವೂ ಗುರುತು ಹಾಕಿಕೊಳ್ಳುತ್ತಿದ್ದನು. 1872ರಲ್ಲಿ ಅವನು ಭಾವಗಳ ಅಭಿವ್ಯಕ್ತಿಯನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ಕೂಸುಗಳು ಮೊದಲ ಕೆಲವು ವಾರ ಎಷ್ಟೇ ಚೀರಿದರೂ ಕಣ್ಣೀರು ಸುರಿಯುವುದಿಲ್ಲ ಎಂಬುದನ್ನು ಅವನು ಕಂಡನು. ಒಮ್ಮೆ ಅವನ ಅಂಗಿಯ ತೋಳಿನ ಅಂಚು 77 ದಿನದ ಅವನ ಕೂಸಿನ ಒಂದು ಕಣ್ಣಿಗೆ ಅಕಸ್ಮಾತ್ತಾಗಿ ತಾಗಿತು. ಆ ಕಣ್ಣಿನಲ್ಲಿ ನೀರು ತುಂಬಿತು. ಕೂಸು ಜೋರಾಗಿ ಚೀರಿತು. ಆದರೂ ಇನ್ನೊಂದು ಕಣ್ಣು ಒಣಗಿಯೇ ಇತ್ತು. ಅದೇ ಕೂಸಿನ ಕೆನ್ನೆಯ ಮೇಲೆ ಅಳುವಿನ ಕಣ್ಣೀರು ಮೊದಲು ಉರುಳಿದ್ದು 139ನೆಯ ದಿನ. ಎಲ್ಲ ಶಿಶುಗಳಲ್ಲಿಯೂ ಈ ದಿನಗಳ ಲೆಕ್ಕ ಒಂದೇ ಆಗಿರುವುದಿಲ್ಲ. ಅಳು ಮೊದಲು, ಕಣ್ಣೀರು ಆಮೇಲೆ ಎಂಬುದು ಮಾತ್ರ ಸಾಮಾನ್ಯವಾಗಿ ನಿಜ. ಆದುದರಿಂದ ಕಣ್ಣೀರು ಬರಲಿಲ್ಲವೆಂದು ಪುಟ್ಟ ಕೂಸಿನ ಅಳುವನ್ನು ಸುಳ್ಳೆಂದು ತಿಳಿಯಬಾರದು. ಡಾರ್ವಿನ್ನನು 1877ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ಮತ್ತೊಂದು ಸಂಗತಿಯನ್ನು ತಿಳಿಸಿದ್ದಾನೆ. ಅವನ ಮೊದಲ ಮಗ ಹನ್ನೊಂದು ವಾರದವನಾಗಿದ್ದಾಗಲೇ ಹಸಿವೆಯ ಅಳು ಬೇರೆ, ನೋವಿನ ಅಳು ಬೇರೆ ಎಂದು ಗುರುತಿಸುವಂತಿತ್ತು. ವಿಜ್ಞಾನಿಯು ಬರೆದಿಟ್ಟ ಈ ಮಾತನ್ನು ನಮ್ಮ ಊರುಗಳ ಅಜ್ಜಿಯರು ಅನುಭವದಿಂದಲೇ ಬಲ್ಲರು. ಒಳಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರೂ ತೊಟ್ಟಿಲ ಕಡೆಗೆ ಕಿವಿಗೊಟ್ಟು, ಇದು ಹಸಿವೆ, ಇದು ನಿದ್ದೆ, ಇದು ಹೊಟ್ಟೆನೋವು ಎಂದು ಅವರು ಹೇಳಬಲ್ಲರು.

ಎಲ್ಲ ಅಳುವಿಗೂ ಕಾರಣ ಸುಲಭವಾಗಿ ಸಿಕ್ಕುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಹುಟ್ಟಿದ ಎರಡನೆಯ ವಾರದಿಂದ ಕೂಸಿನ ಅಳು ಹೆಚ್ಚುತ್ತ ಹೋಗಿ ಸುಮಾರು ಆರನೆಯ ವಾರದಲ್ಲಿ ಶಿಖರವನ್ನು ಮುಟ್ಟುತ್ತದೆ. ಮೂರು ನಾಲ್ಕು ತಿಂಗಳಾಗುವಷ್ಟರಲ್ಲಿ ತಾನಾಗಿಯೇ ಇಳಿಯುತ್ತದೆ. ಈ ಅಳು ವಿಶೇಷವಾಗಿ ಸಂಜೆಯ ವೇಳೆಗೆ ಕಾಣಿಸಿಕೊಳ್ಳುವುದುಂಟು. ಹಾಲು ಕುಡಿಸಿದರೂ, ಎತ್ತಿಕೊಂಡು ಅಡ್ಡಾಡಿದರೂ ಅದು ನಿಲ್ಲದಿರಬಹುದು. ಮುಸ್ಸಂಜೆಯಲ್ಲಿ ಕೂಸು ಹೀಗೆ ಅಳುವಾಗ ದೃಷ್ಟಿಯಾಗಿದೆ ಎಂದು ಹಿರಿಯರು ದೃಷ್ಟಿ ತೆಗೆಯುತ್ತಾರೆ. ಅದರಿಂದ ಮನೆಯವರಿಗೆ ಸಮಾಧಾನವಾಗಬಹುದು. ಆದರೆ ಕೂಸಿಗೆ ಜ್ವರವಿದ್ದರೆ, ಅದು ಹಾಲು ಕುಡಿಯದಿದ್ದರೆ, ಮಂಕಾಗಿ ಬಿದ್ದಿದ್ದರೆ, ಸೆಳವು ಬಂದರೆ ಅಥವಾ ಎಂದಿಲ್ಲದ ಕರ್ಕಶ ಧ್ವನಿಯಲ್ಲಿ ಎಡೆಬಿಡದೆ ಚೀರುತ್ತಿದ್ದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಲೇಬೇಕು. ಅಂತಹ ಅಳುವು ರೋಗದ ಕರೆಗಂಟೆಯಾಗಿರುತ್ತದೆ.

ಅತ್ತಾಗಲೆಲ್ಲ ಎತ್ತಿಕೊಂಡರೆ ಕೂಸಿಗೆ ಎತ್ತಿಕೊಳ್ಳುವ ಚಟ ಹತ್ತುತ್ತದೆ, ಅತ್ತು ಅತ್ತು ಅದೇ ಸುಮ್ಮನಾಗಲಿ ಎನ್ನುವವರು ಹಲವರಿದ್ದಾರೆ. ಈ ಅಭಿಪ್ರಾಯವನ್ನು ಪರೀಕ್ಷಿಸಿದವರು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಸಂಶೋಧನೆ ನಡೆಸಿದ ಸಿಲ್ವಿಯಾ ಬೆಲ್ ಮತ್ತು ಮೇರಿ ಏನ್ಸ್‌ವರ್ತ್ ಎಂಬ ವಿದುಷಿಯರು. ಅವರು 26 ತಾಯಿ-ಮಕ್ಕಳ ಜೋಡಿಗಳನ್ನು ಮೊದಲ ವರ್ಷವಿಡೀ ಅವರವರ ಮನೆಗಳಲ್ಲಿಯೇ ಗಮನಿಸಿದರು. ಮೊದಲ ತಿಂಗಳುಗಳಲ್ಲಿ ಅಳುವಿಗೆ ಬೇಗನೆ ಓಗೊಟ್ಟ ತಾಯಂದಿರ ಮಕ್ಕಳು ವರ್ಷದ ಕೊನೆಯ ಹೊತ್ತಿಗೆ ಕಡಿಮೆ ಅಳುತ್ತಿದ್ದರೆಂದು 1972ರಲ್ಲಿ ಪ್ರಕಟಿಸಿದರು. ಆ ಮಕ್ಕಳು ಅಳುವಿನ ಬದಲು ಸನ್ನೆ, ದನಿ, ಮುಖಭಾವಗಳಿಂದ ತಮ್ಮ ಬೇಡಿಕೆಯನ್ನು ತಿಳಿಸುವುದನ್ನು ಚೆನ್ನಾಗಿ ಕಲಿತಿದ್ದರು. ಈ ತೀರ್ಮಾನವನ್ನು ಕುರಿತು ಆಮೇಲೆ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಆದರೂ ಕೆಲವೇ ತಿಂಗಳ ಶಿಶುವನ್ನು ಎತ್ತಿಕೊಂಡು ಸಂತೈಸುವುದರಿಂದ ಅದು ಕೆಡುವುದಿಲ್ಲ ಎಂಬುದನ್ನು ಮಕ್ಕಳ ವೈದ್ಯರು ಇಂದು ಒಪ್ಪುತ್ತಾರೆ. ಕರೆದಾಗ ಬರುವವರಿದ್ದಾರೆ ಎಂಬ ನಂಬಿಕೆಯೇ ಶಿಶುವಿನ ಮನಸ್ಸಿಗೆ ಮೊದಲ ಆಸರೆ.

ಸಂತೈಸಲು ಹೋದವರ ತಾಳ್ಮೆಯೇ ಕೆಡುವ ಸಂದರ್ಭವೂ ಉಂಟು. ಎಷ್ಟು ತೂಗಿದರೂ ಅಳು ನಿಲ್ಲದಾಗ ಕೆಲವರು ಸಿಟ್ಟಿನಿಂದ ಕೂಸನ್ನು ಹಿಡಿದು ಜೋರಾಗಿ ಅಲುಗಾಡಿಸುತ್ತಾರೆ. ಇದು ಅತ್ಯಂತ ಅಪಾಯಕರ. ಕೂಸಿನ ತಲೆ ಭಾರವಾಗಿರುತ್ತದೆ, ಕತ್ತು ದುರ್ಬಲವಾಗಿರುತ್ತದೆ. ಹಾಗೆ ಅಲುಗಾಡಿಸಿದರೆ ಮಿದುಳಿನ ನರಗಳಿಗೂ ರಕ್ತನಾಳಗಳಿಗೂ ಪೆಟ್ಟಾಗಿ ಕಣ್ಣು ಹೋಗಬಹುದು, ಬುದ್ಧಿ ಕುಂದಬಹುದು, ಪ್ರಾಣವೇ ಹೋಗಬಹುದು. ತಾಳ್ಮೆ ತೀರುತ್ತಿದೆ ಎನಿಸಿದಾಗ ಕೂಸನ್ನು ಬೀಳದಂತಹ ಜಾಗದಲ್ಲಿ ಅಂಗಾತ ಮಲಗಿಸಿ, ಎರಡು ನಿಮಿಷ ಹೊರಗೆ ನಿಂತು ಉಸಿರು ಬಿಟ್ಟು ಬರುವುದು ಅಥವಾ ನೆರೆಯ ಹಿರಿಯರನ್ನು ಕೂಗಿ ಕರೆಯುವುದು ಲೇಸು. ಹೀಗೆ ನೆರವು ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಅಳುವನ್ನು ಹೇಗಾದರೂ ಅಡಗಿಸಿದರೆ ಸಾಕು ಎಂಬ ಯೋಚನೆಯು ಎಂತಹ ಅನರ್ಥಕ್ಕೆ ಎಡೆಮಾಡಬಹುದು ಎಂಬುದಕ್ಕೆ ಇತಿಹಾಸದಲ್ಲಿ ನಿದರ್ಶನವಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿಯ ಬಟ್ಟೆಯ ಗಿರಣಿಗಳಲ್ಲಿ ಸಾವಿರಾರು ಹೆಂಗಸರು ದುಡಿಯುತ್ತಿದ್ದರು. ಕೂಸನ್ನು ನೋಡಿಕೊಳ್ಳುವವರಿಲ್ಲದ ಅನೇಕ ತಾಯಂದಿರು ಅದಕ್ಕೆ ‘ಬಾಳಾಗೋಳಿ’ ಎಂಬ ಅಫೀಮು ಬೆರೆತ ಗುಳಿಗೆಯನ್ನು ಕೊಟ್ಟು ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದರು. ಕೂಸು ಅಳುತ್ತಿರಲಿಲ್ಲ, ನಿಜ. ಹಸಿವೆಯಾದರೂ ಅಳುತ್ತಿರಲಿಲ್ಲ, ಬೇನೆಯಾದರೂ ಅಳುತ್ತಿರಲಿಲ್ಲ. ಹೀಗೆ ಸೊರಗಿದ ಶಿಶುಗಳು ಅದೆಷ್ಟೋ! ಇದು ತಾಯಂದಿರ ಕಠೋರತೆಯಲ್ಲ; ಬಡತನವು ತಂದೊಡ್ಡಿದ ನಿರುಪಾಯ. ಈ ದಿನಗಳಲ್ಲಿ ಅಳುವ ಮಗುವಿನ ಕೈಗೆ ಮೊಬೈಲನ್ನು ಕೊಟ್ಟು ಸುಮ್ಮನಾಗಿಸುವ ರೂಢಿ ಹರಡಿದೆ. ಅದು ಅಫೀಮಿನಂತಹ ವಿಷವಲ್ಲ. ಆದರೆ ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯ ಮುಂದೆ ಕೂರುವ ಅಭ್ಯಾಸ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಲಹೆ ನೀಡಿದೆ. ಹೊಳೆಯುವ ಪರದೆಯು ಅಳುವನ್ನು ಮರೆಸಬಲ್ಲುದೇ ಹೊರತು, ಮಗುವಿಗೆ ತಾನು ಏಕೆ ಅತ್ತೆನೆಂಬುದನ್ನು ತಿಳಿಸಿಕೊಡಲಾರದು.

ಮಗುವಿಗೆ ಎರಡು ವರ್ಷವಾಗುತ್ತಲೇ ಅಳುವಿನ ಸ್ವರೂಪ ಬದಲಾಗುತ್ತದೆ. ಈಗ ಅದಕ್ಕೆ ಅಷ್ಟಿಷ್ಟು ಮಾತು ಬಂದಿದೆ. ಆದರೆ ಭಾವಗಳು ಮಾತಿಗಿಂತ ಬಹಳ ಹೆಚ್ಚಾಗಿವೆ. ಬೇಕಾದ ಬಟ್ಟಲು ಸಿಗಲಿಲ್ಲವೆಂದು ನೆಲಕ್ಕೆ ಬಿದ್ದು ಹೊರಳಾಡುವ ಮಗುವನ್ನು ಕಂಡು ಹಟಮಾರಿ ಎನ್ನುತ್ತೇವೆ. ಆದರೆ ಆವೇಗವನ್ನು ತಡೆದು ವಿವೇಚಿಸುವ ಮಿದುಳಿನ ಭಾಗವು ನಮ್ಮ ಹಣೆಯ ಹಿಂದೆ ಇದೆ; ಅದು ಬೆಳೆದು ಪೂರ್ಣವಾಗುವುದು ಇಪ್ಪತ್ತು ವರ್ಷ ದಾಟಿದ ಮೇಲೆ. ಎರಡು ವರ್ಷದ ಮಗುವಿನಲ್ಲಿ ಅದು ಇನ್ನೂ ಎಳೆಯದು. ಆದುದರಿಂದ ಮಗುವಿಗೆ ತನ್ನೊಳಗೆ ಎದ್ದಿರುವುದು ಸಿಟ್ಟೋ, ಅಂಜಿಕೆಯೋ, ದಣಿವೋ ಎಂಬುದು ತಿಳಿಯದು. ಏನೋ ಒಂದು ದೊಡ್ಡ ಅಲೆ ಬಂದು ತನ್ನನ್ನು ಕೊಚ್ಚಿಕೊಂಡು ಹೋದಂತೆ ಅದಕ್ಕೆ ತೋರುತ್ತದೆ.

ಇಂತಹ ಸಮಯದಲ್ಲಿ ಹಿರಿಯರು ಮಾಡಬಹುದಾದ ಉಪಕಾರವೆಂದರೆ ಆ ಭಾವಕ್ಕೊಂದು ಹೆಸರನ್ನು ಕೊಡುವುದು. ಮಗುವಿನ ಮಟ್ಟಕ್ಕೆ ಕುಳಿತು, ಮೈಮೇಲೆ ಕೈಯಿಟ್ಟು, “ಯಾಕ ಅಳತಿ ತಮ್ಮಾ? ಅವ್ವ ಹೊಲಕ್ಕ ಹೋದ್ಳಂತ ಅಂಜಿಕಿ ಆತೇನು?” ಎಂದು ಅಕ್ಕನು ಮೆಲ್ಲಗೆ ಕೇಳಿದಾಗ ಆ ಮಗುವಿಗೆ ಎರಡು ಸಂಗತಿಗಳು ತಿಳಿಯುತ್ತವೆ. ತನ್ನೊಳಗೆ ಆಗುತ್ತಿರುವುದಕ್ಕೆ ಅಂಜಿಕೆ ಎಂದು ಹೆಸರು; ಅದು ಅಕ್ಕನಿಗೂ ಗೊತ್ತು. ಹೆಸರಿಲ್ಲದ ಸಂಕಟಕ್ಕಿಂತ ಹೆಸರಿರುವ ಸಂಕಟವು ಸಹಿಸಲು ಸುಲಭ. ಇದಕ್ಕೆ ವಿಜ್ಞಾನದ ಬೆಂಬಲವೂ ದೊರೆತಿದೆ. ಅಮೆರಿಕದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಅವರ ಸಂಗಡಿಗರು 2007ರಲ್ಲಿ ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ವಯಸ್ಕರಿಗೆ ಸಿಟ್ಟು, ಭಯ ಮೊದಲಾದ ಭಾವಗಳನ್ನು ತೋರುವ ಮುಖಗಳ ಚಿತ್ರಗಳನ್ನು ತೋರಿಸಿ ಅವರ ಮಿದುಳಿನ ಕ್ರಿಯೆಯನ್ನು ಅಳೆಯಲಾಯಿತು. ಆ ಭಾವದ ಹೆಸರನ್ನು ಆರಿಸಿ ಹೇಳಿದಾಗ, ಭಯದ ವೇಳೆ ಚುರುಕಾಗುವ ಅಮಿಗ್ಡಲಾ ಎಂಬ ಬಾದಾಮಿಯ ಆಕಾರದ ಭಾಗವು ಶಾಂತವಾಗುವುದು ಕಂಡುಬಂದಿತು. ಹಣೆಯ ಹಿಂದಿನ ವಿವೇಚನೆಯ ಭಾಗದ ಕ್ರಿಯೆ ಹೆಚ್ಚಿತು.

ಭಾವಗಳನ್ನು ಹೆಸರಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಭರತಮುನಿಯ ನಾಟ್ಯಶಾಸ್ತ್ರವು ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ ಎಂದು ಎಂಟು ಸ್ಥಾಯಿಭಾವಗಳನ್ನು ಎಣಿಸಿದೆ. ಕಣ್ಣೀರನ್ನು ಸಾತ್ತ್ವಿಕ ಭಾವಗಳಲ್ಲಿ ಒಂದೆಂದು ಹೇಳಿ, ಅದು ಹುಟ್ಟುವ ಕಾರಣಗಳನ್ನೂ ಪಟ್ಟಿ ಮಾಡಿದೆ: ಆನಂದ, ಅಸಹನೆ, ಹೊಗೆ, ಕಾಡಿಗೆ, ಆಕಳಿಕೆ, ಭಯ, ಶೋಕ, ಎವೆಯಿಕ್ಕದ ನೋಟ, ಚಳಿ, ರೋಗ. ಒಂದೇ ಕಣ್ಣೀರಿಗೆ ಹತ್ತು ಕಾರಣಗಳಿರಬಹುದು ಎಂಬ ಈ ಎಚ್ಚರವು ನಟನಿಗೆ ಎಷ್ಟು ಅಗತ್ಯವೋ ಮಗುವನ್ನು ನೋಡಿಕೊಳ್ಳುವವರಿಗೂ ಅಷ್ಟೇ ಅಗತ್ಯ.

ಶಾಸ್ತ್ರವನ್ನು ಓದದ ಜನರೂ ಆಟಗಳನ್ನು ನೋಡಿ ಭಾವಗಳನ್ನು ಅರಿತಿದ್ದಾರೆ. ಕಬ್ಬೂರಿನಿಂದ ಬಹಳ ದೂರವಲ್ಲದ ಗೋಕಾಕದ ಸೀಮೆಯು ‘ಶ್ರೀಕೃಷ್ಣ ಪಾರಿಜಾತ’ವೆಂಬ ಬಯಲಾಟದ ತವರು. ಕುಲಗೋಡ ತಮ್ಮಣ್ಣನು ಅದನ್ನು ಬಯಲಾಟವಾಗಿ ಬೆಳೆಸಿದನು. ಕೌಜಲಗಿ ನಿಂಗಮ್ಮ ಮೊದಲಾದ ಕಲಾವಿದರು ಅದನ್ನು ಆಡಿ ಜನಪ್ರಿಯಗೊಳಿಸಿದರು. ಪಾರಿಜಾತದ ಹೂವು ರುಕ್ಮಿಣಿಗೆ ದೊರೆಯಿತೆಂದು ಕೇಳಿ ಸತ್ಯಭಾಮೆಯು ಪಡುವ ಹೊಟ್ಟೆಕಿಚ್ಚು, ಮುನಿಸು, ಸಂಕಟಗಳನ್ನು ಜನರು ರಾತ್ರಿಯಿಡೀ ಕುಳಿತು ನೋಡುತ್ತಾರೆ. ಮನೆಯಲ್ಲಿ ಹೊಸ ಕೂಸು ಹುಟ್ಟಿದಾಗ ಅವ್ವನ ಮಡಿಲನ್ನು ಕಳೆದುಕೊಂಡ ಮೂರು ವರ್ಷದ ಮಗುವಿನ ಸ್ಥಿತಿಯೂ ಸತ್ಯಭಾಮೆಯದಕ್ಕಿಂತ ಬೇರೆಯಲ್ಲ. ಅದು ಕಾರಣವಿಲ್ಲದೆ ಅಳುತ್ತದೆ, ಕೂಸನ್ನು ಚಿವುಟುತ್ತದೆ, ಬಿಟ್ಟಿದ್ದ ಹಾಲನ್ನು ಮತ್ತೆ ಬೇಡುತ್ತದೆ. ಅದನ್ನು ದುಷ್ಟ ಮಗುವೆಂದು ಬೈಯುವ ಬದಲು, “ಅವ್ವ ಕೂಸಿನ್ನ ಎತ್ಕೊಂಡ್ಳಂತ ನಿನಗ ಹೊಟ್ಟಿಕಿಚ್ಚು ಆಗೇತಿ, ಬಾ, ನಿನಗೂ ತೊಡಿ ಮ್ಯಾಲ ಜಾಗ ಐತಿ” ಎಂದರೆ ಆ ಭಾವವು ಮುಚ್ಚಿಡಬೇಕಾದ ಪಾಪವಾಗದೆ, ಹೇಳಿಕೊಳ್ಳಬಹುದಾದ ಮಾತಾಗುತ್ತದೆ.

ಮಕ್ಕಳ ಅಳುವನ್ನು ಒಟ್ಟಾಗಿ ಕೇಳಬೇಕಾದರೆ ಜೂನ್ ತಿಂಗಳಲ್ಲಿ ಯಾವುದಾದರೂ ಅಂಗನವಾಡಿಯ ಬಾಗಿಲಿಗೆ ಹೋಗಬೇಕು. ಮೂರು ವರ್ಷ ತುಂಬಿದ ಮಕ್ಕಳು ಮೊದಲ ಬಾರಿಗೆ ಮನೆಯನ್ನು ಬಿಟ್ಟು ಅಲ್ಲಿಗೆ ಬರುತ್ತಾರೆ. ಒಂದು ಮಗು ಅವ್ವನ ಸೆರಗನ್ನು ಬಿಡದು. ಅದನ್ನು ಕಂಡು ಇನ್ನೊಂದು ಅಳತೊಡಗುವುದು. ಅಂಗನವಾಡಿ ಎಂಬ ಹೆಸರಿನ ಹಿಂದೆ ಮಕ್ಕಳ ಮನಸ್ಸನ್ನು ಅರಿತವರ ದೊಡ್ಡ ಪ್ರಯತ್ನವಿದೆ. 1920ರಲ್ಲಿ ಗುಜರಾತದ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದ ಗಿಜುಭಾಯಿ ಬಧೇಕಾ ಅವರೊಂದಿಗೆ ತಾರಾಬಾಯಿ ಮೋಡಕ್ ಅವರು ಕೆಲಸ ಮಾಡಿದರು. ಹೊಡೆಯದೆ, ಹೆದರಿಸದೆ ಮಕ್ಕಳಿಗೆ ಕಲಿಸಬೇಕೆಂಬುದು ಇವರ ನಿಲುವು. 1945ರಲ್ಲಿ ತಾರಾಬಾಯಿಯವರು ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳಿಗಾಗಿ ಶಿಶುಶಿಕ್ಷಣದ ಕೇಂದ್ರವನ್ನು ತೆರೆದರು. ಅನುತಾಯಿ ವಾಘ್ ಅವರು ಅದರಲ್ಲಿ ಜೊತೆಯಾದರು. ಬಡವರ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಅವರ ಮನೆಯಂಗಳಕ್ಕೆ ಒಯ್ದರು. ಅಂಗಳದ ಶಾಲೆಯೇ ಅಂಗನವಾಡಿ. ಮುಂದೆ 1975ರ ಅಕ್ಟೋಬರ್ 2ರಂದು ಭಾರತ ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆಗಳಲ್ಲಿ ಆರಂಭಿಸಿತು. ಕರ್ನಾಟಕದಲ್ಲಿ ತಿರುಮಕೂಡಲು ನರಸೀಪುರವನ್ನು ಅದಕ್ಕೆ ಆರಿಸಲಾಗಿತ್ತು. ಇಂದು ಅಂಗನವಾಡಿ ಇಲ್ಲದ ಊರೇ ಅಪರೂಪ.

ಅಂಗನವಾಡಿಯ ಬಾಗಿಲಲ್ಲಿ ಅಳುವ ಮಗುವನ್ನು ಬಿಟ್ಟು ತಾಯಿ ಕಣ್ಣುತಪ್ಪಿಸಿ ಓಡಿಹೋಗುವುದು ಸಾಮಾನ್ಯ. ಅದರಿಂದ ಆ ಹೊತ್ತಿನ ಕೆಲಸವೇನೋ ಸುಲಭವಾಗುತ್ತದೆ. ಆದರೆ ಮಗುವಿನ ನಂಬಿಕೆ ಒಡೆಯುತ್ತದೆ. ಅವ್ವ ಯಾವಾಗ ಮಾಯವಾಗುವಳೋ ಎಂಬ ಭಯದಿಂದ ಅದು ಮನೆಯಲ್ಲಿಯೂ ಅವಳ ಬೆನ್ನು ಬಿಡದಂತಾಗುತ್ತದೆ. “ನಾನು ಹೋಗಿ ಬರುತ್ತೇನೆ, ನೀನು ಉಂಡು ಮಲಗಿ ಎದ್ದ ಮೇಲೆ ಬರುತ್ತೇನೆ” ಎಂದು ಹೇಳಿ ಹೋಗಿ, ಹೇಳಿದ ಹೊತ್ತಿಗೆ ಬರುವುದು ಸರಿಯಾದ ಕ್ರಮ. ಮಗುವಿಗೆ ಗಡಿಯಾರ ತಿಳಿಯದು. ಊಟ, ನಿದ್ದೆ, ಆಟಗಳೇ ಅದರ ಗಡಿಯಾರ. ಕೆಲವು ದಿನ ಹೀಗೆ ನಡೆದರೆ, ಹೋದ ಅವ್ವ ಮರಳಿ ಬರುತ್ತಾಳೆ ಎಂಬ ಪಾಠವನ್ನು ಮಗು ಎಲ್ಲ ಪಾಠಗಳಿಗಿಂತ ಮೊದಲು ಕಲಿಯುತ್ತದೆ.

ಗಡಿಭಾಗವಾದ ಈ ಸೀಮೆಯಲ್ಲಿ ಇನ್ನೊಂದು ವಿಶೇಷವನ್ನು ಗಮನಿಸಬೇಕು. ಇಲ್ಲಿಯ ಮನೆಗಳಲ್ಲಿ ಕನ್ನಡ, ಮರಾಠಿ, ಉರ್ದು ಭಾಷೆಗಳನ್ನಾಡುವವರು ಕೂಡಿ ಬಾಳುತ್ತಾರೆ. ಮನೆಯಲ್ಲಿ ಮರಾಠಿಯನ್ನೇ ಕೇಳಿ ಬೆಳೆದ ಮಗುವು ಕನ್ನಡದ ಅಂಗನವಾಡಿಗೆ ಬಂದಾಗ ಅದರ ಬಾಯಿ ಕಟ್ಟಿದಂತಾಗುತ್ತದೆ. ಬಾಯಾರಿಕೆಯನ್ನು ಹೇಳಲು ಕೂಡ ಅದಕ್ಕೆ ಉಳಿಯುವ ದಾರಿ ಅಳುವೊಂದೇ. ಅಂತಹ ಮಗುವಿನೊಂದಿಗೆ ಮೊದಲು ಅದರ ಮನೆಮಾತಿನಲ್ಲಿ ಎರಡು ಮಾತಾಡಿ, ಆಮೇಲೆ ಕನ್ನಡದ ಮಾತನ್ನು ಕಲಿಸಬೇಕು. ಮರಾಠಿಯವರು ‘ಭೀತಿ’ ಎನ್ನುವುದನ್ನೇ ಇಲ್ಲಿಯವರು ‘ಅಂಜಿಕೆ’ ಎನ್ನುತ್ತಾರೆ. ಹೆಸರು ಬೇರೆಯಾದರೂ ನಡುಗುವ ಎದೆ ಒಂದೇ.

ಅಳು ನಿಂತಿತೆಂದರೆ ದುಃಖವು ನಿಂತಿತು ಎಂದು ತಿಳಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹಿಂದೆ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಒಳರೋಗಿಗಳಾದ ಮಕ್ಕಳನ್ನು ನೋಡಲು ತಾಯಿತಂದೆಗಳಿಗೆ ಬಹಳ ಕಡಿಮೆ ಅವಕಾಶವಿತ್ತು. ಅವರು ಬಂದು ಹೋದಾಗ ಮಕ್ಕಳು ಅಳುತ್ತಾರೆ, ಬಾರದಿದ್ದರೆ ಸುಮ್ಮನಿರುತ್ತಾರೆ ಎಂಬುದು ಆಸ್ಪತ್ರೆಯವರ ವಾದವಾಗಿತ್ತು. ಜೇಮ್ಸ್ ರಾಬರ್ಟ್‌ಸನ್ ಎಂಬ ಸಮಾಜ ಕಾರ್ಯಕರ್ತನು ಆಸ್ಪತ್ರೆಯಲ್ಲಿ ಎಂಟು ದಿನ ಕಳೆದ ಎರಡು ವರ್ಷದ ಹುಡುಗಿಯೊಬ್ಬಳ ಚಲನಚಿತ್ರವನ್ನು ತೆಗೆದು 1952ರಲ್ಲಿ ವೈದ್ಯರಿಗೆ ತೋರಿಸಿದನು. ಅವಳು ಹೆಚ್ಚು ಅಳುತ್ತಿರಲಿಲ್ಲ. ಆದರೆ ತನ್ನ ಬೊಂಬೆಯನ್ನು ಅವಚಿಕೊಂಡು, ಮುಖ ಬಾಡಿಸಿಕೊಂಡು, ಬಂದ ತಾಯಿಯಿಂದಲೂ ಮುಖ ತಿರುಗಿಸುತ್ತಿದ್ದಳು. ತಾಯಿಯಿಂದ ಅಗಲಿದ ಮಗು ಮೊದಲು ಪ್ರತಿಭಟಿಸಿ ಅಳುತ್ತದೆ, ಬಳಿಕ ನಿರಾಶೆಯಿಂದ ಮೌನವಾಗುತ್ತದೆ, ಕೊನೆಗೆ ಯಾರೂ ಬೇಡವೆಂಬಂತೆ ದೂರವಾಗುತ್ತದೆ ಎಂದು ರಾಬರ್ಟ್‌ಸನ್ನನೂ ಅವನ ಸಹೋದ್ಯೋಗಿ ಜಾನ್ ಬೌಲ್ಬಿಯೂ ವಿವರಿಸಿದರು. ಮೊದಮೊದಲು ಅನೇಕ ವೈದ್ಯರು ಇದನ್ನು ಒಪ್ಪಲಿಲ್ಲ. ಆದರೆ 1959ರಲ್ಲಿ ಬ್ರಿಟನ್ನಿನ ಸರ್ಕಾರಿ ಸಮಿತಿಯೊಂದು, ತಾಯಿತಂದೆಗಳಿಗೆ ಮಕ್ಕಳನ್ನು ನೋಡಲು ನಿರ್ಬಂಧವಿರಬಾರದೆಂದು ಶಿಫಾರಸು ಮಾಡಿತು. ಮೌನವಾದ ಮಗುವಿನ ದುಃಖವನ್ನು ಒಬ್ಬನು ಗಮನಿಸಿ ತೋರಿಸಿದ್ದರಿಂದ ಸಾವಿರಾರು ಮಕ್ಕಳ ಹಾಸಿಗೆಯ ಬಳಿಗೆ ಅವರ ತಾಯಂದಿರು ಬರುವಂತಾಯಿತು.

ಈ ಅರಿವು ನಮ್ಮ ಸೀಮೆಗೂ ಬೇಕಾಗಿದೆ. 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಅನೇಕ ಊರುಗಳಿಗೆ ನೀರು ನುಗ್ಗಿತು. 2021ರ ಜುಲೈ ತಿಂಗಳಲ್ಲಿ ಮತ್ತೆ ಮಹಾಪೂರ ಬಂದಿತು. ಜನರು ಮನೆಮಠಗಳನ್ನು ಬಿಟ್ಟು, ದನಕರುಗಳೊಂದಿಗೆ ಎತ್ತರದ ಸ್ಥಳಗಳಿಗೂ ಪರಿಹಾರ ಕೇಂದ್ರಗಳಿಗೂ ಹೋಗಬೇಕಾಯಿತು. ಇಂತಹ ಆಪತ್ತಿನಲ್ಲಿ ಅಳುವ ಮಗುವನ್ನು ಎಲ್ಲರೂ ಕಾಣುತ್ತಾರೆ. ಮೂಲೆಯಲ್ಲಿ ಸುಮ್ಮನೆ ಕುಳಿತ ಮಗುವನ್ನು ಜಾಣ ಮಗುವೆಂದು ಹೊಗಳಿ ಮುಂದೆ ಹೋಗುತ್ತಾರೆ. ಆಪತ್ತನ್ನು ಕಂಡ ಮಕ್ಕಳು ರಾತ್ರಿ ಬೆಚ್ಚಿಬೀಳುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮರಳುವುದು, ಮಳೆಯ ಸದ್ದಿಗೆ ನಡುಗುವುದು, ಕಂಡದ್ದನ್ನೇ ಆಟವಾಗಿ ಮತ್ತೆ ಮತ್ತೆ ಆಡುವುದು ಉಂಟು. ಅದನ್ನು ಗದರಿಸಿ ನಿಲ್ಲಿಸಬಾರದು. ಹೊಳೆ ಬಂದ ಚಿತ್ರವನ್ನು ಬಿಡಿಸುವ ಮಗು, ನಾಲಿಗೆಯಿಂದ ಹೇಳಲಾಗದ್ದನ್ನು ಬಳಪದಿಂದ ಹೇಳುತ್ತಿರುತ್ತದೆ. ಅದರ ಪಕ್ಕದಲ್ಲಿ ಕುಳಿತು, ಇದು ಯಾರ ಮನೆ, ಆಗ ನಿನಗೇನನಿಸಿತು ಎಂದು ಕೇಳುವ ಅಣ್ಣನೋ ಅಕ್ಕನೋ ಆ ಮಗುವಿಗೆ ದೊಡ್ಡ ಆಸರೆಯಾಗುತ್ತಾರೆ.

ನಮ್ಮಲ್ಲಿ ಬಳಕೆಯಲ್ಲಿರುವ ಕೆಲವು ಮಾತುಗಳನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಯೋಚಿಸಬೇಕಾಗಿದೆ. ಅತ್ತರೆ ಗುಮ್ಮ ಬರುತ್ತಾನೆ, ಪೊಲೀಸನು ಹಿಡಿದುಕೊಂಡು ಹೋಗುತ್ತಾನೆ, ಡಾಕ್ಟರು ಸೂಜಿ ಚುಚ್ಚುತ್ತಾರೆ ಎಂದು ಮಕ್ಕಳನ್ನು ಹೆದರಿಸುವುದುಂಟು. ಹೀಗೆ ಹೆದರಿಸಿದರೆ ಅಳುವಿನ ಮೇಲೆ ಭಯದ ಇನ್ನೊಂದು ಹೊರೆ ಬೀಳುತ್ತದೆ. ಮುಂದೆ ನಿಜವಾಗಿ ನೆರವು ಬೇಕಾದಾಗ ಮಗುವು ಪೊಲೀಸರ ಬಳಿಗಾಗಲಿ, ವೈದ್ಯರ ಬಳಿಗಾಗಲಿ ಹೋಗಲು ಅಂಜುತ್ತದೆ. ‘ಗಂಡು ಹುಡುಗ ಅಳಬಾರದು’ ಎಂಬುದು ಇನ್ನೊಂದು ಮಾತು. ನಾಲ್ಕು ವರ್ಷದ ಹುಡುಗನಿಗೆ ಬಿದ್ದಾಗ ಆಗುವ ನೋವು ಅವನ ತಂಗಿಗೆ ಆಗುವ ನೋವಿಗಿಂತ ಕಡಿಮೆಯಲ್ಲ. ಅಳುವುದನ್ನು ಬಿಡಿಸಿದರೆ ಅವನ ದುಃಖವು ಹೋಗುವುದಿಲ್ಲ. ಅದು ಸಿಟ್ಟಿನ ವೇಷವನ್ನು ತೊಟ್ಟು ಹೊರಗೆ ಬರಬಹುದು.

ಹಾಗೆಂದ ಮಾತ್ರಕ್ಕೆ ಮಗು ಅತ್ತು ಕೇಳಿದ್ದನ್ನೆಲ್ಲ ಕೊಡಬೇಕೆಂದು ಅರ್ಥವಲ್ಲ. ಭಾವವನ್ನು ಒಪ್ಪಿಕೊಳ್ಳುವುದು ಬೇರೆ, ಬೇಡಿಕೆಯನ್ನು ಒಪ್ಪಿಕೊಳ್ಳುವುದು ಬೇರೆ. ಜಾತ್ರೆಯಲ್ಲಿ ಕಂಡ ಆಟಿಕೆಗಳೆಲ್ಲ ಬೇಕೆಂದು ಮಗು ಅತ್ತಾಗ, “ನಿನಗೆ ಬೇಕೆನಿಸಿದೆ, ಸಿಗಲಿಲ್ಲವೆಂದು ಸಿಟ್ಟೂ ಬಂದಿದೆ, ಆದರೆ ಇವತ್ತು ಒಂದೇ ಆಟಿಕೆ” ಎಂದು ಹೇಳಿ, ಅಳು ಮುಗಿಯುವವರೆಗೂ ಶಾಂತವಾಗಿ ಬಳಿಯಲ್ಲಿರಬೇಕು. ಸಿಟ್ಟು ಬರುವುದು ತಪ್ಪಲ್ಲ, ಸಿಟ್ಟಿನಿಂದ ಹೊಡೆಯುವುದು ತಪ್ಪು ಎಂಬ ಭೇದವನ್ನು ಮಗು ಕ್ರಮವಾಗಿ ಕಲಿಯಬೇಕು. ಅದನ್ನು ಕಲಿಸುವವರು ತಾವು ಹೊಡೆಯುತ್ತ ಕಲಿಸಲಾಗದು. ಅಳು ಇಳಿದ ಮೇಲೆ ಮಾತು. ಜೋರಾಗಿ ಅಳುತ್ತಿರುವಾಗ ಹೇಳಿದ ಬುದ್ಧಿ ಕಿವಿಗೆ ಹೋಗುವುದಿಲ್ಲ.

ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಎಂಬ ಗಾದೆಯೊಂದಿದೆ. ನಮಗೆ ಬೇಕಾದುದನ್ನು ನಾವೇ ಕೇಳಬೇಕು ಎಂಬುದು ಅದರ ತಾತ್ಪರ್ಯ. ಆದರೆ ಕೇಳುವ ಧೈರ್ಯ ಹುಟ್ಟುವುದು ಮೊದಲು ಅತ್ತಾಗ ಓಗೊಡುವವರು ಇದ್ದರೆ ಮಾತ್ರ. ಹಸಿವೆಗೆ ಅತ್ತು ಹಾಲು ಪಡೆದ ಕೂಸು, ಅಂಜಿಕೆಗೆ ಅತ್ತು ಮಡಿಲನ್ನು ಪಡೆದ ಮಗು, ಹೊಟ್ಟೆಕಿಚ್ಚಿಗೆ ಅತ್ತು ಬೈಗುಳದ ಬದಲು ಒಂದು ಹೆಸರನ್ನು ಪಡೆದ ಬಾಲಕ, ಮುಂದೆ ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಬಲ್ಲ ತರುಣನಾಗುತ್ತಾನೆ. ಇತರರ ಕಷ್ಟವನ್ನು ಮುಖ ನೋಡಿಯೇ ತಿಳಿಯಬಲ್ಲವನೂ ಆಗುತ್ತಾನೆ. ಮನೆಯಲ್ಲಿ ತಮ್ಮನೋ ತಂಗಿಯೋ ಅಳತೊಡಗಿದಾಗ ‘ಸುಮ್ಮನಿರು’ ಎನ್ನುವ ಮೊದಲು ‘ಏನಾಯಿತು?’ ಎಂದು ಕೇಳುವುದು ಚಿಕ್ಕ ಕೆಲಸ. ಅದಕ್ಕೆ ಹಣ ಬೇಡ, ಹೆಚ್ಚಿನ ವಿದ್ಯೆ ಬೇಡ. ಓದುವ ಪುಸ್ತಕವನ್ನು ಒಂದು ಗಳಿಗೆ ಬದಿಗಿಟ್ಟು, ನೆಲದ ಮೇಲೆ ಕುಳಿತು, ಕೇಳುವ ತಾಳ್ಮೆಯೊಂದಿದ್ದರೆ ಸಾಕು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಶಿಶುವಿನ ಅಳು ಯಾವ ವಾರದಲ್ಲಿ ಅತಿ ಹೆಚ್ಚಾಗಿರುತ್ತದೆ?
2. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಎಂದು ಆರಂಭವಾಯಿತು?
3. ‘ಶ್ರೀಕೃಷ್ಣ ಪಾರಿಜಾತ’ವನ್ನು ಬಯಲಾಟವಾಗಿ ಬೆಳೆಸಿದವರು ಯಾರು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕೂಸನ್ನು ಜೋರಾಗಿ ಅಲುಗಾಡಿಸಬಾರದು, ಏಕೆ?
2. ಅಂಗನವಾಡಿಯಲ್ಲಿ ಮಗುವನ್ನು ಬಿಟ್ಟುಹೋಗುವ ಸರಿಯಾದ ಕ್ರಮ ಯಾವುದು?
3. ಅಳು ನಿಂತರೆ ದುಃಖ ನಿಂತಿತು ಎಂದಲ್ಲ ಎಂಬುದನ್ನು ರಾಬರ್ಟ್‌ಸನ್ನನು ಹೇಗೆ ತೋರಿಸಿದನು?

ಇ) ನಿಮ್ಮ ಮನೆಯ ಅಥವಾ ನೆರೆಮನೆಯ ಚಿಕ್ಕ ಮಗುವನ್ನು ಒಂದು ವಾರ ಗಮನಿಸಿ, ಅದು ಅತ್ತ ಸಂದರ್ಭಗಳನ್ನೂ ಕಾರಣಗಳನ್ನೂ ಬರೆಯಿರಿ.